ಕೈ ಮರೆತದ್ದು

ಜೆಕ್ ಸಂಗೀತಗಾರ್ತಿ ಜುಜಾನಾ ರೂಜಿಚ್ಕೋವಾ ಅವರ ಬಗ್ಗೆ ಬರೆದವರೆಲ್ಲ ಒಂದು ಜಾಗಕ್ಕೆ ಬಂದಾಗ ಹೆಜ್ಜೆ ಜೋರು ಮಾಡುತ್ತಾರೆ. ನಾಜಿ ಕ್ಯಾಂಪುಗಳ ವರ್ಷಗಳನ್ನು ನಿಧಾನವಾಗಿ, ಉಸಿರು ಬಿಗಿಹಿಡಿದು ಹೇಳುತ್ತಾರೆ. ಆಮೇಲೆ ಹದಿನೆಂಟನೆಯ ಶತಮಾನದ ಜರ್ಮನ್ ರಚನೆಕಾರ ಬಾಖ್‌ನ ಕೀಬೋರ್ಡ್ ಕೃತಿಗಳನ್ನೆಲ್ಲ ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕೀಬೋರ್ಡ್ ವಾದ್ಯದಲ್ಲಿ ನುಡಿಸಿ ಧ್ವನಿಮುದ್ರಿಸಿದ ಮೊದಲಿಗರು ಎಂಬ ಕೀರ್ತಿಯನ್ನೂ ವಿವರವಾಗಿಯೇ ಹೇಳುತ್ತಾರೆ. ಇವೆರಡರ ನಡುವೆ ಒಂದೇ ಒಂದು ವಾಕ್ಯ ಇರುತ್ತದೆ: ಕೈಗಳು ಹಾಳಾಗಿದ್ದವು, ದಿನಕ್ಕೆ ಹನ್ನೆರಡು ಗಂಟೆ ಸಾಧನೆ ಮಾಡಿ ಮತ್ತೆ ನುಡಿಸುವಂತಾದರು. ಅಷ್ಟೇ. ಓದುವವರೂ ಅಲ್ಲಿ ನಿಲ್ಲುವುದಿಲ್ಲ, ನಾನೂ ಮೊದಲ ಸಲ ನಿಂತಿರಲಿಲ್ಲ. ಎರಡು ಮೂರು ದಿನ ಕಳೆದ ಮೇಲೆ, ಪಾತ್ರೆ ತೊಳೆಯುತ್ತಾ ಇದ್ದಾಗ, ಆ ವಾಕ್ಯ ಇದ್ದಕ್ಕಿದ್ದಂತೆ ನೆನಪಾಗಿ ಕೈ ನಿಂತಿತು. ಹನ್ನೆರಡು ಗಂಟೆ ಏನು ನುಡಿಸುತ್ತಿದ್ದಿರಬಹುದು ಆ ಹುಡುಗಿ? ಬಾಖ್ ಅಂತೂ ಅಲ್ಲ. ಬಾಖ್ ನುಡಿಸುವ ಕೈ ಆಗ ಅವಳಿಗೆ ಇರಲೇ ಇಲ್ಲವಲ್ಲ.

ಅಂದಿನಿಂದ ಅವರ ಬದುಕನ್ನು ನಾನು ಓದುವುದೇ ಆ ವಾಕ್ಯದ ಒಳಗಿನಿಂದ. ಅದಕ್ಕೆ ನನ್ನದೇ ಒಂದು ಸಣ್ಣ ಕಾರಣವಿದೆ, ಮುಂದೆ ಹೇಳುತ್ತೇನೆ. ಸಣ್ಣದು ಎಂದು ಈಗಲೇ ಹೇಳಿಬಿಡಬೇಕು. ಅವರ ನೋವಿನ ಪಕ್ಕದಲ್ಲಿ ನನ್ನದನ್ನು ಇಡುವ ಉದ್ದೇಶ ನನಗಿಲ್ಲ. ಆದರೆ ಕೈ ಎಂಬುದು ಹೇಗೆ ಮರೆಯುತ್ತದೆ, ಹೇಗೆ ಮತ್ತೆ ಕಲಿಯುತ್ತದೆ ಎಂಬ ಒಂದು ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ತಿಳಿದಿದೆ. ಆ ಸ್ವಲ್ಪವನ್ನು ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆಟಿಕೆ ಅಂಗಡಿಯ ಹುಡುಗಿ

ಜೆಕ್ ನಾಡಿನ ಬೊಹೀಮಿಯಾದ ಪಶ್ಚಿಮಕ್ಕಿರುವ ಪಿಲ್ಜೆನ್ ಊರು. ಬಿಯರ್ ಕುಡಿಯುವವರಿಗೆ ಹೆಸರಿನಿಂದಲೇ ಗೊತ್ತಿರುವ ಊರು. ಜುಜಾನಾ ಹುಟ್ಟಿದ್ದು ಅಲ್ಲಿ, 1927ರ ಜನವರಿ 14ರಂದು. ತಂದೆ ತಾಯಿಗೆ ಆಟಿಕೆ ಅಂಗಡಿ ಇತ್ತು. ಮನೆಯಲ್ಲಿ ಯೆಹೂದಿ ಎಂಬುದು ದೊಡ್ಡ ಮಾತೇನೂ ಆಗಿರಲಿಲ್ಲ. ಜೆಕ್ ಜನರ ಹಾಗೆಯೇ ಬದುಕಿದ್ದವರು. ಹುಡುಗಿಗೆ ಶ್ವಾಸಕೋಶದ ಕಾಯಿಲೆ, ಹಾಸಿಗೆ ಹಿಡಿದಿದ್ದಳು. ವಾಸಿಯಾದರೆ ಏನು ಬೇಕು ಕೇಳು, ಕೊಡಿಸುತ್ತೇನೆ ಎಂದು ತಾಯಿ ಮಾತು ಕೊಟ್ಟರು. ಆಟಿಕೆ ಅಂಗಡಿಯವರ ಮಗಳು ಕೇಳಿದ್ದು ಪಿಯಾನೋ ಪಾಠ.

ಪಾಠ ಹೇಳಿಕೊಡಲು ಬಂದವರು ಮರಿಯೆ ಪ್ರೊವಾಜ್ನಿಕೋವಾ. ಈ ಕಥೆಯಲ್ಲಿ ಅವರಿಗೆ ಸಿಗಬೇಕಾದಷ್ಟು ಜಾಗ ಯಾರೂ ಕೊಟ್ಟಿಲ್ಲ ಎಂದು ನನಗೆ ಅನ್ನಿಸುತ್ತದೆ. ಈ ಮಗುವಿಗೆ ಬಾಖ್ ಹಿಡಿಸಿದ್ದನ್ನು ಅವರು ಗುರುತಿಸಿದರು. ಅಷ್ಟಕ್ಕೇ ನಿಲ್ಲದೆ, ಬಾಖ್‌ನನ್ನು ಹೀಗೆ ಪ್ರೀತಿಸುವವಳು ಪಿಯಾನೋ ಅಲ್ಲ, ಬಾಖ್ ಕಾಲದ ಹಾರ್ಪ್ಸಿಕಾರ್ಡನ್ನೇ ಕಲಿಯಬೇಕು ಎಂದು ತೀರ್ಮಾನಿಸಿದರು. ಆ ವಾದ್ಯ ಆಗ ಬಹುತೇಕ ಸತ್ತುಹೋಗಿತ್ತು. ಅದಕ್ಕೆ ಮತ್ತೆ ಜೀವ ಕೊಟ್ಟವರು ಪೋಲೆಂಡಿನ ವಾಂಡಾ ಲಾಂಡೊವ್ಸ್ಕಾ. ಪ್ಯಾರಿಸ್ ಹತ್ತಿರದ ಸೇಂಟ್-ಲೂ-ಲಾ-ಫೊರೆ ಎಂಬ ಊರಿನಲ್ಲಿ ಅವರದೊಂದು ಸಂಗೀತಶಾಲೆ. ಪಿಲ್ಜೆನ್ನಿನ ಪಿಯಾನೋ ಟೀಚರ್ ಅವರಿಗೇ ಕಾಗದ ಬರೆದರು. ಶಾಲೆಯ ಓದು ಮುಗಿದ ಮೇಲೆ ಹುಡುಗಿಯನ್ನು ಅಲ್ಲಿಗೆ ಕಳಿಸುವುದು ಎಂದು ಮಾತಾಯಿತು.

ಹುಡುಗಿ ಹೋಗಲಿಲ್ಲ. 1939ರಲ್ಲಿ ಜರ್ಮನ್ ಸೇನೆ ಬಂತು. 1940ರಲ್ಲಿ ಫ್ರಾನ್ಸ್ ಬಿದ್ದಿತು. ಲಾಂಡೊವ್ಸ್ಕಾ ಕೂಡ ಯೆಹೂದಿ. ವಾದ್ಯಗಳನ್ನೂ ಹಸ್ತಪ್ರತಿಗಳನ್ನೂ ಬಿಟ್ಟು ಓಡಬೇಕಾಯಿತು, ಮನೆ ಲೂಟಿಯಾಯಿತು. ಅವರ ಹಡಗು ನ್ಯೂಯಾರ್ಕ್ ತಲುಪಿದ್ದು 1941ರ ಡಿಸೆಂಬರ್ 7ರಂದು, ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದ ದಿನವೇ. ಅಲ್ಲಿಂದ ಎರಡು ತಿಂಗಳು ತುಂಬುವ ಮೊದಲೇ, 1942ರ ಜನವರಿಯಲ್ಲಿ, ಅವರ ಶಿಷ್ಯೆಯಾಗಬೇಕಿದ್ದ ಹುಡುಗಿ ತಂದೆ ತಾಯಿಯ ಜೊತೆ, ನಾಜಿಗಳು ಯೆಹೂದಿಗಳನ್ನು ಕೂಡಿಹಾಕುತ್ತಿದ್ದ ತೆರೆಜೀನ್ ಘೆಟ್ಟೋಗೆ ಹೋಗುವ ರೈಲಿನಲ್ಲಿದ್ದಳು. ಹದಿನೈದು ವರ್ಷ.

ತೆರೆಜೀನ್ ಕೋಟೆಯೊಳಗೂ ಸಂಗೀತ ಇತ್ತು. ಗಿಡೇಯೋನ್ ಕ್ಲೈನ್ ಎಂಬ ತರುಣ ಅಲ್ಲಿ ಅವಳಿಗೆ ಸ್ವರಮೇಳದ ಪಾಠ ಹೇಳಿದ. ಪಿಯಾನೋ ವಾದಕ, ಸಂಗೀತ ರಚನೆಕಾರ, ಅವನಿಗೂ ಆಗ ಇನ್ನೂ ಇಪ್ಪತ್ತೆರಡು ಇಪ್ಪತ್ಮೂರು. 1945ರ ಜನವರಿಯಲ್ಲಿ ಅವನನ್ನು ಕೊಂದರು. 1943ರಲ್ಲಿ ಅವಳ ತಂದೆ ತೆರೆಜೀನ್‌ನಲ್ಲೇ ತೀರಿಕೊಂಡರು. ಈ ಸಾಲುಗಳನ್ನು ಬೇಗ ಬರೆದು ಮುಂದೆ ಹೋಗುತ್ತಿದ್ದೇನೆ, ಇದು ಸರಿಯಲ್ಲ ಎಂದೂ ಗೊತ್ತು. ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆದವರಿದ್ದಾರೆ.

ಆ ಕಾಗದ

1943ರ ಡಿಸೆಂಬರ್. ತಾಯಿ ಮಗಳು ಆಶ್ವಿಟ್ಜ್‌ಗೆ ಹೊರಡಬೇಕು. ಕೈಯಲ್ಲಿ ಇಟ್ಟುಕೊಳ್ಳಲು ಒಂದು ತಾಯಿತದ ಹಾಗೆ, ಹುಡುಗಿ ಒಂದು ತುಂಡು ಕಾಗದದ ಮೇಲೆ ಬಾಖ್‌ನ ಕೆಲವು ಸಾಲು ಸ್ವರಲಿಪಿ ಬರೆದುಕೊಂಡಳು. ಐದನೆಯ ಇಂಗ್ಲಿಷ್ ಸೂಟ್‌ನ ಸರಬಾಂಡ್. ಸೂಟ್ ಎಂದರೆ ಕುಣಿತದ ರಚನೆಗಳ ಒಂದು ಮಾಲೆ, ಸರಬಾಂಡ್ ಅದರಲ್ಲೊಂದು. ಇ ಮೈನರ್ ಶ್ರುತಿಯಲ್ಲಿರುವ ನಿಧಾನಗತಿಯ ರಚನೆ. ಮೂರು ಎಣಿಕೆಯ ತಾಳ. ಸರಬಾಂಡ್‌ನಲ್ಲಿ ಎರಡನೆಯ ಎಣಿಕೆಯ ಮೇಲೆ ಭಾರ ಬಿದ್ದು ನಡಿಗೆ ಒಂದು ಚೂರು ನಿಂತಂತೆ ಆಗುತ್ತದೆ. ಹೆಜ್ಜೆ ಇಟ್ಟು, ಕಾಲು ಎತ್ತಲು ಮನಸ್ಸಿಲ್ಲದೆ ನಿಂತ ಹಾಗೆ. ಬಾಖ್‌ನ ಸಂಗೀತವೆಂದರೆ ಎಷ್ಟೋ ಸಲ ಒಂದರ ಮೇಲೊಂದು ಹೆಣೆದ ಸ್ವರಗಳ ದಟ್ಟಣೆ. ಇದು ಹಾಗಿಲ್ಲ, ತುಂಬ ತೆಳು. ಆ ಹುಡುಗಿ ಬರೆದುಕೊಂಡದ್ದು ಬೆರಳಿಗೆ ಕಷ್ಟವಾದ ಕೃತಿಯನ್ನಲ್ಲ ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಮುಂದಿನದು ಜುಜಾನಾ ಅವರೇ ಎಷ್ಟೋ ಸಲ ಹೇಳಿದ ಘಟನೆ. ಲಾರಿಗೆ ಹತ್ತಿಸುವ ಗದ್ದಲದಲ್ಲಿ ತಾಯಿ ಮಗಳು ಬೇರೆಯಾದರು. ಗಾಳಿಗೆ ಕಾಗದ ಕೈಯಿಂದ ಹಾರಿಹೋಯಿತು. ಅದು ಮಗಳಿಗೆ ಏನೆಂದು ತಾಯಿಗೆ ಗೊತ್ತು. ಅವರು ಕಾಗದದ ಹಿಂದೆ ಓಡಿದರು. ಹಾಗೆ ಓಡಿ ಬಂದವರನ್ನು ಲಾರಿಯಲ್ಲಿದ್ದ ಹೆಂಗಸರು ಕೈ ಚಾಚಿ ಮೇಲಕ್ಕೆ ಎಳೆದುಕೊಂಡರು. ಒಂದು ಚೂರು ಕಾಗದದ ದೆಸೆಯಿಂದ ಇಬ್ಬರೂ ಒಂದೇ ಕಡೆ ಉಳಿದರು.

ಈ ಘಟನೆಯನ್ನು ಹಂಚಿಕೊಳ್ಳುವವರು ಸಂಗೀತ ಅವರನ್ನು ಕಾಪಾಡಿತು ಎಂದು ಕೊನೆಗೆ ಸೇರಿಸುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಸಂಗೀತ ಬಲ್ಲ ಎಷ್ಟು ಸಾವಿರ ಜನ ಅಲ್ಲಿ ಸತ್ತರು. ಗಿಡೇಯೋನ್ ಕ್ಲೈನ್‌ಗೆ ಸಂಗೀತ ಗೊತ್ತಿರಲಿಲ್ಲವೆ? ಇಲ್ಲಿ ಓಡಿದ್ದು ಒಬ್ಬ ತಾಯಿ. ಕೈ ಚಾಚಿದ್ದು ಹೆಸರಿಲ್ಲದ ಕೆಲವು ಹೆಂಗಸರು. ಸಂಗೀತಕ್ಕೆ ಸಲ್ಲದ ಕೀರ್ತಿಯನ್ನು ಅದರ ತಲೆಗೆ ಕಟ್ಟಿದರೆ ಇವರೆಲ್ಲ ಮರೆಯಾಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಕಥೆ ಅಲ್ಲಿಗೇ ಮುಗಿದ ಹಾಗೆ ಕಾಣುತ್ತದೆ. ಕಾಗದ ಸಿಕ್ಕಿತು, ಜೀವ ಉಳಿಯಿತು, ಇನ್ನು ಚಪ್ಪಾಳೆ ಎಂಬ ಹಾಗೆ.

ಕಾಗದ ಸಿಕ್ಕಿದ ಮೇಲೆ ಇನ್ನೂ ಒಂದೂವರೆ ವರ್ಷ ಇತ್ತು. ಆಶ್ವಿಟ್ಜ್‌ನದೇ ಭಾಗವಾದ ಬಿರ್ಕೆನೌನಲ್ಲಿ ತೆರೆಜೀನ್‌ನಿಂದ ಬಂದವರಿಗೆಂದೇ ಒಂದು ಕುಟುಂಬ ಶಿಬಿರ. ತಮಗಿಂತ ಮೊದಲು, ಸೆಪ್ಟೆಂಬರಿನಲ್ಲಿ ಬಂದ ಸುಮಾರು 3,800 ಜನರನ್ನು ಆರು ತಿಂಗಳು ತುಂಬಿದ ಮೇಲೆ, 1944ರ ಮಾರ್ಚ್ 8ರ ರಾತ್ರಿ ಅನಿಲದ ಕೋಣೆಗೆ ಕಳಿಸಿದ್ದನ್ನು ಡಿಸೆಂಬರಿನಲ್ಲಿ ಬಂದವರು ಕಂಡರು. ತಮ್ಮ ಆರು ತಿಂಗಳು ಯಾವಾಗ ತುಂಬುತ್ತದೆ ಎಂದು ಅವರಿಗೆ ಲೆಕ್ಕ ಹಾಕಲು ಬರುತ್ತಿತ್ತು. ಜೂನ್. ಆದರೆ ಅಷ್ಟರಲ್ಲಿ ಜರ್ಮನಿಗೆ ಕೂಲಿಯಾಳುಗಳ ಅಭಾವ. ದುಡಿಯಬಲ್ಲವರನ್ನು ಆರಿಸಿ ಬೇರೆಡೆಗೆ ಸಾಗಿಸಿದರು. ತಾಯಿ ಮಗಳು ಹ್ಯಾಂಬರ್ಗ್ ಸೇರಿದ್ದು ಹಾಗೆ. ಅಲ್ಲಿ ಬಾಂಬು ಬಿದ್ದ ಕಟ್ಟಡಗಳ ಇಟ್ಟಿಗೆ ಕಲ್ಲು ಎತ್ತುವುದು, ನೆಲ ಅಗೆಯುವುದು. ಚಳಿಗಾಲ, ಕೈಗವಸು ಇಲ್ಲ. 1945ರಲ್ಲಿ ಬೆರ್ಗೆನ್-ಬೆಲ್ಸೆನ್ ಕ್ಯಾಂಪು. ಏಪ್ರಿಲ್ 15ರಂದು ಬ್ರಿಟಿಷ್ ಸೈನಿಕರು ಒಳಗೆ ಬಂದಾಗ ಅವರು ಕಂಡದ್ದು ಹೂಳದ ಹೆಣಗಳ ರಾಶಿಗಳನ್ನು, ಆ ರಾಶಿಗಳ ನಡುವೆ ಇನ್ನೂ ಉಸಿರಾಡುತ್ತಿದ್ದ ಸಾವಿರಾರು ಜನರನ್ನು. ಅವರಲ್ಲಿ ಈ ಇಬ್ಬರೂ ಇದ್ದರು. ಹುಡುಗಿಗೆ ಹದಿನೆಂಟು.

ಆ ವರ್ಷವೇ ಪಿಲ್ಜೆನ್‌ಗೆ ಮರಳಿ ಹಳೆಯ ಟೀಚರ್ ಹತ್ತಿರ ಹೋದಳು. ಮರಿಯೆ ಪ್ರೊವಾಜ್ನಿಕೋವಾ ಶಿಷ್ಯೆಯ ಕೈಗಳನ್ನು ನೋಡಿ ಅತ್ತರು.

ಸರಳೆ ವರಸೆ

ಈಗ ನನ್ನ ಮಾತು. ನಾನು ಏಳನೆಯ ವಯಸ್ಸಿಗೆ ವೀಣೆ ಹಿಡಿದವಳು. ಮೈಸೂರಿನಲ್ಲಿ, ಅಗ್ರಹಾರದ ಹತ್ತಿರ ಒಂದು ಹೆಂಚಿನ ಮನೆಯ ನಡುಮನೆಯಲ್ಲಿ ಪಾಠ. ಇಪ್ಪತ್ತಾರನೆಯ ವಯಸ್ಸಿನವರೆಗೆ ಬಿಡದೆ ಕಲಿತೆ. ಮದುವೆ, ಬೇರೆ ಊರು, ಮಗು, ಕೆಲಸ. ವೀಣೆ ಅಪ್ಪನ ಮನೆಯ ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿತು. ಮುಂದಿನ ವಾರ, ಮುಂದಿನ ಬೇಸಿಗೆ ಎನ್ನುತ್ತಾ ಹದಿನಾಲ್ಕು ವರ್ಷವಾಯಿತು. ಅಪ್ಪ ಹೋದ ಮೇಲೆ ಅಮ್ಮನ ಜೊತೆ ಇರಲು ಮೈಸೂರಿಗೆ ಬಂದಾಗ ವೀಣೆಯ ಮೇಣ ಒಣಗಿ ಬಿರುಕು ಬಿಟ್ಟಿತ್ತು, ಮೆಟ್ಟಿಲುಗಳು ಅಲುಗಾಡುತ್ತಿದ್ದವು. ಮೇಣ ಕಟ್ಟಿಸಿ, ತಂತಿ ಹಾಕಿಸಿ, ಒಂದು ಬೆಳಿಗ್ಗೆ ಮತ್ತೆ ಟೀಚರ್ ಮನೆ ಬಾಗಿಲು ತಟ್ಟಿದೆ.

ಅವರು ಏನೂ ಕೇಳಲಿಲ್ಲ. ಕಾಫಿ ಕೊಟ್ಟರು. ಆಮೇಲೆ ನನ್ನ ಎಡಗೈ ಹಿಡಿದು ತೋರುಬೆರಳಿನ ತುದಿಯನ್ನು ತಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿದರು. ವೀಣೆ ನುಡಿಸುವವರ ಬೆರಳಲ್ಲಿ ತಂತಿ ಕೂತು ಕೂತು ಒಂದು ಗೀರು ಬಿದ್ದಿರುತ್ತದೆ, ಅದರ ಸುತ್ತ ಚರ್ಮ ಗಟ್ಟಿಯಾಗಿರುತ್ತದೆ. ನನ್ನದು ಮೆತ್ತಗಿತ್ತು. "ಹೋಗಿದೆ ಕಣೇ" ಎಂದರು. ಆ ಮೂರ್ತಿಯಂತಹ ಹೆಂಗಸಿನ ದನಿಯಲ್ಲಿ ಇದ್ದದ್ದು ಬೈಗುಳ ಅಲ್ಲ. ಅದು ದುಃಖ ಎಂದು ನನಗೆ ಅರ್ಥವಾಗಲು ವಾರಗಳೇ ಹಿಡಿದವು.

ನುಡಿಸು ಅಂದರು. ಮೋಹನ ರಾಗದ ವರ್ಣ ಶುರು ಮಾಡಿದೆ. ಅದು ನನ್ನ ತಲೆಯಲ್ಲಿ ಪೂರ್ತಿ ಇತ್ತು. ಆ ಹದಿನಾಲ್ಕು ವರ್ಷವೂ ಇತ್ತು. ಬಸ್ಸಿನಲ್ಲಿ, ಮಗುವನ್ನು ಮಲಗಿಸುವಾಗ, ಆಫೀಸಿನ ಮೀಟಿಂಗಿನಲ್ಲಿ ಕೂತು ತೊಡೆಯ ಮೇಲೆ ಬೆರಳಾಡಿಸುವಾಗ ಒಂದು ಸ್ವರವೂ ತಪ್ಪದೆ ಇತ್ತು. ತಂತಿಯ ಮೇಲೆ ಕೈ ಇಟ್ಟಾಗ ಎರಡನೆಯ ಆವರ್ತಕ್ಕೇ ಬೆರಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು. ನನಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ. ಅದೊಂದು ವಿಚಿತ್ರವಾದ ಒಂಟಿತನ. ನಮ್ಮ ಮನೆಯವರೇ ಒಬ್ಬರು ನಮ್ಮ ಮುಖ ನೋಡಿ, ನೀವು ಯಾರು ಅಂದ ಹಾಗೆ. ಟೀಚರ್ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, "ಮಾಯಾಮಾಳವಗೌಳ. ಸರಳೆ ವರಸೆ ಮೊದಲನೇದು. ಒಂದನೇ ಕಾಲ" ಎಂದರು.

ನಲವತ್ತು ವರ್ಷದ ಹೆಂಗಸು. ಪಕ್ಕದಲ್ಲಿ ಎರಡನೇ ಕ್ಲಾಸಿನ ಹುಡುಗಿ ಅದೇ ಸರಳೆ ವರಸೆಯನ್ನು ನನಗಿಂತ ಶುದ್ಧವಾಗಿ ನುಡಿಸುತ್ತಿದ್ದಾಳೆ. ನಾಚಿಕೆಗಿಂತ ಕಷ್ಟದ್ದು ಬೇರೆಯೇ ಇತ್ತು. ಏನೂ ಗೊತ್ತಿಲ್ಲದ ಮಗುವಿಗೆ ಸರಿಗಮ ಬಂದರೆ ಅದೇ ಹಬ್ಬ. ನನಗೆ ಅದು ಹೇಗೆ ಕೇಳಿಸಬೇಕೆಂದು ಚೆನ್ನಾಗಿ ಗೊತ್ತಿತ್ತು. ಕೇಳಬೇಕಾದ್ದಕ್ಕೂ ಕೇಳುತ್ತಿದ್ದುದಕ್ಕೂ ನಡುವಿನ ದೂರವನ್ನು ಪ್ರತಿ ಮೀಟಿಗೂ ಅನುಭವಿಸಬೇಕಿತ್ತು.

ಅವತ್ತಿನಿಂದ ಆ ಒಂದು ವಾಕ್ಯ ನನಗೆ ಬಾಗಿಲು ತೆರೆಯಿತು. ನನ್ನ ಹದಿನಾಲ್ಕು ವರ್ಷ ನಾನೇ ಕಳೆದದ್ದು. ಅವರ ವರ್ಷಗಳನ್ನು ಕಿತ್ತುಕೊಂಡರು, ಜೊತೆಗೆ ಕೈಗಳನ್ನೂ ಕೆಡಿಸಿದರು. ಸಾಮಾನ್ಯವಾಗಿ ಹದಿನೈದರಿಂದ ಹದಿನೆಂಟರವರೆಗೆ ಸಂಗೀತಗಾರರ ಕೈ ಕಟ್ಟುತ್ತದೆ. ಸರಿಯಾಗಿ ಆ ವರ್ಷಗಳಲ್ಲಿ ಅವರ ಕೈ ಇಟ್ಟಿಗೆ ಹೊರುತ್ತಿತ್ತು. ಜೊತೆಯವರೆಲ್ಲ ಕನ್ಸರ್ವೇಟರಿಯಲ್ಲಿ ಎಷ್ಟೋ ಮುಂದೆ ಹೋಗಿಯಾಗಿತ್ತು. ಸಂಗೀತ ಬಿಡು, ಬೇರೆ ಏನಾದರೂ ನೋಡಿಕೋ ಎಂದು ಹೇಳಿದವರು ಶತ್ರುಗಳಲ್ಲ, ಹಿತ ಬಯಸುವವರೇ. ಆದರೂ ಅವಳು ಚಿಕ್ಕ ಮಕ್ಕಳ ಪಾಠಗಳಿಂದ ಶುರು ಮಾಡಿದಳು. ದಿನಕ್ಕೆ ಹನ್ನೆರಡು ಗಂಟೆ. ತುಂಡು ಕಾಗದದಲ್ಲಿ ಬರೆದುಕೊಂಡ ಸರಬಾಂಡ್ ತಲೆಯೊಳಗೆ ಪೂರ್ತಿ ಇತ್ತು. ಆಶ್ವಿಟ್ಜ್‌ನಲ್ಲೂ ಬೆಲ್ಸೆನ್‌ನಲ್ಲೂ ಅದು ಅಳಿಸಲಿಲ್ಲ. ಊರಿಗೆ ಬಂದು ಪಿಯಾನೋ ಮುಂದೆ ಕೂತಾಗ, ಆ ಸರಬಾಂಡ್‌ಗೂ ಬೆರಳಿಗೂ ನಡುವೆ ಎಷ್ಟು ದೂರ ಇದ್ದಿರಬೇಡ. ಅದು ಕಷ್ಟದ ಕೃತಿಯಲ್ಲ ಎಂದೆನಲ್ಲ. ಅದಕ್ಕೇ ಹೇಳಿದ್ದು.

1947ರಲ್ಲಿ, ಇಪ್ಪತ್ತನೆಯ ವಯಸ್ಸಿಗೆ, ಪ್ರಾಗ್‌ನ ಸಂಗೀತ ಅಕಾಡೆಮಿಗೆ ಪ್ರವೇಶ ಸಿಕ್ಕಿತು. ಬೆಲ್ಸೆನ್‌ನಿಂದ ಹೊರಬಂದು ಎರಡೇ ವರ್ಷ. ಕ್ಯಾಂಪಿನ ಕಥೆಗಳಿಗಿಂತ ಈ ಎರಡು ವರ್ಷ ನನ್ನನ್ನು ಹೆಚ್ಚು ಬೆರಗುಗೊಳಿಸುತ್ತದೆ. ಕ್ಯಾಂಪಿನಲ್ಲಿ ಬದುಕಿ ಉಳಿಯುವುದು ಬಹುಪಾಲು ಅದೃಷ್ಟ, ಅದನ್ನು ಅವರೇ ಹೇಳಿದ್ದಾರೆ. ಈ ಎರಡು ವರ್ಷದಲ್ಲಿ ಅದೃಷ್ಟದ ಪಾಲು ತೀರಾ ಕಡಿಮೆ.

ಮೀಟುವ ವಾದ್ಯ

ಹಾರ್ಪ್ಸಿಕಾರ್ಡ್ ನೋಡಲು ಪಿಯಾನೋ ತರಹ ಇರುತ್ತದೆ, ಆದರೆ ಅದು ವೀಣೆಯ ಕುಲದ್ದು ಎಂದು ನಾನು ಯಾವಾಗಲೂ ಜನರಿಗೆ ಹೇಳುತ್ತೇನೆ. ಪಿಯಾನೋದಲ್ಲಿ ಕೀ ಒತ್ತಿದರೆ ಒಂದು ಸುತ್ತಿಗೆ ತಂತಿಗೆ ಬಡಿಯುತ್ತದೆ. ಹಾರ್ಪ್ಸಿಕಾರ್ಡಿನಲ್ಲಿ ಒಂದು ಮರದ ಪಟ್ಟಿ ಮೇಲೆದ್ದು, ಅದಕ್ಕೆ ಸಿಕ್ಕಿಸಿದ ಹಕ್ಕಿಗರಿಯ ಚಿಕ್ಕ ಮೊನೆ ತಂತಿಯನ್ನು ಮೀಟುತ್ತದೆ. ಕೀ ಬಿಟ್ಟರೆ ಪಟ್ಟಿ ಕೆಳಗಿಳಿದು, ಬಟ್ಟೆಯ ತುಣುಕು ತಂತಿಗೆ ತಾಗಿ ನಾದ ನಿಲ್ಲುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ದನಿಯ ಗಾತ್ರ ಒಂದೇ. ವೀಣೆಯಲ್ಲಾದರೆ ಮೀಟಿದ ಮೇಲೆ ತಂತಿಯನ್ನು ಎಳೆದು ಗಮಕ ಮಾಡಬಹುದು, ಸ್ವರ ಸಾಯುವ ಮೊದಲು ಅದನ್ನು ಎಷ್ಟೋ ದಾರಿ ನಡೆಸಬಹುದು. ಇಲ್ಲಿ ಅದೂ ಇಲ್ಲ. ನುಡಿಸುವವರ ಕೈಯಲ್ಲಿ ಉಳಿಯುವುದು ಕಾಲ ಮಾತ್ರ. ಯಾವಾಗ ಮೀಟುವುದು, ಎಷ್ಟು ಹೊತ್ತು ಹಿಡಿದಿರುವುದು, ಯಾವಾಗ ಬಿಡುವುದು, ಮುಂದಿನದರ ಮೇಲೆ ಎಷ್ಟು ಹೊರಳಿಸುವುದು. ಕೂದಲೆಳೆಯಷ್ಟು ತಡ ಮಾಡಿದರೆ ಒಂದು ಸ್ವರಕ್ಕೆ ತೂಕ ಬರುತ್ತದೆ. ಹಾಗಾಗಿ ಸರಬಾಂಡ್‌ನ ಆ ಎರಡನೆಯ ಎಣಿಕೆಯ ಭಾರವನ್ನು ಈ ವಾದ್ಯದಲ್ಲಿ ಒತ್ತಿ ತೋರಿಸಲಾಗುವುದಿಲ್ಲ, ಕಾದು ತೋರಿಸಬೇಕು.

ಅಕಾಡೆಮಿಯಲ್ಲಿ ಪಿಯಾನೋ ಜೊತೆಗೆ ಹಾರ್ಪ್ಸಿಕಾರ್ಡನ್ನು ಕಲಿತು, ನಿಧಾನವಾಗಿ ಅದನ್ನೇ ಹಿಡಿದರು. ಹತ್ತು ವರ್ಷದ ಹುಡುಗಿಯನ್ನು ನೋಡಿ ಪಿಲ್ಜೆನ್ ಟೀಚರ್ ಹೇಳಿದ ಮಾತು ಕೊನೆಗೂ ನಿಜವಾಯಿತು. ಲಾಂಡೊವ್ಸ್ಕಾ ಅವರ ಬಳಿ ಕಲಿಯುವ ದಾರಿ ಮಾತ್ರ ಮುಚ್ಚಿಯೇ ಹೋಯಿತು. ಲಾಂಡೊವ್ಸ್ಕಾ 1959ರಲ್ಲಿ ಅಮೆರಿಕದಲ್ಲೇ ತೀರಿಕೊಂಡರು.

1956ರಲ್ಲಿ ಮ್ಯೂನಿಕ್‌ನ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಬಹುಮಾನ. ಅವರ ಹೆಸರು ಹೊರಜಗತ್ತಿಗೆ ತಿಳಿದದ್ದು ಅಲ್ಲಿಂದ. ಮ್ಯೂನಿಕ್ ಎಂದರೆ ಜರ್ಮನಿ ಎಂದು ನೆನಪಿಸಬೇಕಿಲ್ಲ. ಬೆಲ್ಸೆನ್ ಆಗಿ ಹನ್ನೊಂದು ವರ್ಷಕ್ಕೆ ಅದೇ ದೇಶದ ಜನರ ಮುಂದೆ, ಅದೇ ದೇಶದ ರಚನೆಕಾರನನ್ನು ನುಡಿಸಿದರು. ಬಾಖ್ ಜರ್ಮನ್ ಅಲ್ಲವೆ ಎಂದು ಅವರನ್ನು ಕೇಳಿದವರು ಬಹಳ. ಬಾಖ್‌ನ ಸಂಗೀತದಲ್ಲಿ ಮನುಷ್ಯರನ್ನು ಮೀರಿದ ಒಂದು ಕ್ರಮವಿದೆ, ಗೊಂದಲದ ನಡುವೆ ಅದು ಹಾಗೆಯೇ ಇರುತ್ತದೆ ಎಂಬರ್ಥದ ಮಾತನ್ನು ಅವರು ಸಂದರ್ಶನಗಳಲ್ಲಿ ಮತ್ತೆ ಮತ್ತೆ ಆಡಿದ್ದಾರೆ. ದೊಡ್ಡ ಮಾತು, ಯಾರು ಬೇಕಾದರೂ ಹೇಳಬಹುದು. ಅವರು ಹೇಳಿದಾಗ ನಾನು ತಲೆಬಾಗಿ ಕೇಳುತ್ತೇನೆ.

ಮತ್ತೆ ನಲವತ್ತು ವರ್ಷ

ಈ ಕಥೆಯ ಇನ್ನೊಂದು ಭಾಗವನ್ನೂ ಜನ ಬೇಗ ದಾಟುತ್ತಾರೆ. 1948ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. 1952ರ ನವೆಂಬರಿನಲ್ಲಿ ಪ್ರಾಗ್‌ನಲ್ಲಿ ಸ್ಲಾನ್ಸ್ಕಿ ವಿಚಾರಣೆ. ಪಕ್ಷದ ನಾಯಕರನ್ನೇ ದೇಶದ್ರೋಹಿಗಳೆಂದು ನಿಲ್ಲಿಸಿದ ನಾಟಕ. ಹದಿನಾಲ್ಕು ಆರೋಪಿಗಳಲ್ಲಿ ಹನ್ನೊಂದು ಜನ ಯೆಹೂದಿಗಳು. ಅದನ್ನು ನ್ಯಾಯಾಲಯದಲ್ಲೇ ಬಿಡಿಸಿ ಬಿಡಿಸಿ ಹೇಳಲಾಯಿತು. ಡಿಸೆಂಬರ್ 3ರಂದು ಹನ್ನೊಂದು ಜನರನ್ನು ಗಲ್ಲಿಗೇರಿಸಿದರು. ಅದೇ ಡಿಸೆಂಬರ್ ತಿಂಗಳಲ್ಲಿ ಜುಜಾನಾ ಅವರ ಮದುವೆ. ವಿಕ್ಟರ್ ಕಲಾಬಿಸ್, ಸಂಗೀತ ರಚನೆಕಾರ, ಯೆಹೂದಿಯಲ್ಲ. ನನ್ನನ್ನು ಕಟ್ಟಿಕೊಂಡರೆ ನಿನಗೆ ಕಷ್ಟ ಎಂದು ಜುಜಾನಾ ಹೇಳಿದ್ದರು. ಅಂಥ ಹೊತ್ತಿನಲ್ಲೇ ಅವರು ಮದುವೆಯಾದರು. ರಿಜಿಸ್ಟರಿನಲ್ಲಿ ಒಂದು ಸಹಿ ಅಷ್ಟೇ, ಆದರೆ ಆ ತಿಂಗಳಲ್ಲಿ ಆ ಊರಿನಲ್ಲಿ ಆ ಸಹಿಗೆ ಎಷ್ಟು ಎದೆ ಬೇಕಿತ್ತು.

ಇಬ್ಬರೂ ಪಕ್ಷ ಸೇರಲಿಲ್ಲ. ಅದಕ್ಕೆ ಬೆಲೆ ತೆತ್ತರು. ಕಲಾಬಿಸ್‌ಗೆ ಅಕಾಡೆಮಿಯಲ್ಲಿ ಪಾಠ ಹೇಳುವ ಅವಕಾಶ ಸಿಗಲಿಲ್ಲ. ಸುಮಾರು ಇಪ್ಪತ್ತು ವರ್ಷ ರೇಡಿಯೋದಲ್ಲಿ ಕೆಲಸ ಮಾಡಿದರು. ಜುಜಾನಾ ಅಕಾಡೆಮಿಯಲ್ಲಿ ಕಲಿಸುತ್ತಿದ್ದರೂ ಪ್ರಾಧ್ಯಾಪಕಿ ಎಂಬ ಪದವಿ ಬಂದದ್ದು ಆ ಸರ್ಕಾರ ಬಿದ್ದ ಮೇಲೆ, 1990ರಲ್ಲಿ. ಅವರಿಗೆ ಆಗ ಅರವತ್ತಮೂರು. ಅಷ್ಟು ಹೊತ್ತಿಗೆ ಪ್ರಪಂಚ ತುಂಬ ಕಚೇರಿ ಮಾಡಿಯಾಗಿತ್ತು. ಹೊರದೇಶದಲ್ಲಿ ದುಡಿದ ಹಣದಲ್ಲಿ ದೊಡ್ಡ ಪಾಲು ಸರ್ಕಾರಕ್ಕೆ. ಹೊರಗೆ ಕಳಿಸುತ್ತಿದ್ದುದೇ ಆ ವಿದೇಶಿ ಹಣಕ್ಕಾಗಿ.

ಯಾಕೆ ಹೊರಗೇ ಉಳಿಯಲಿಲ್ಲ ಎಂಬ ಪ್ರಶ್ನೆ ನನಗೂ ಬಂದಿದೆ. ಆ ದೇಶದ ದೊಡ್ಡ ಸಂಗೀತಗಾರರು ಹೊರಟುಹೋದವರಿದ್ದಾರೆ. ರಫಾಯೆಲ್ ಕುಬೆಲಿಕ್ 1948ರಲ್ಲೇ ದೇಶ ಬಿಟ್ಟು, ಮತ್ತೆ ಪ್ರಾಗ್‌ನಲ್ಲಿ ವಾದ್ಯವೃಂದ ನಡೆಸಿದ್ದು 1990ರಲ್ಲಿ. ಜುಜಾನಾ ಅವರ ಹಾಗೆ ತೆರೆಜೀನ್, ಆಶ್ವಿಟ್ಜ್ ಎರಡನ್ನೂ ಕಂಡು, ಹೆಂಡತಿಯನ್ನೂ ಎಳೆಯ ಮಗನನ್ನೂ ಅಲ್ಲಿ ಕಳೆದುಕೊಂಡ ಕರೆಲ್ ಆಂಚೆರ್ಲ್ ಜೆಕ್ ಫಿಲ್ಹಾರ್ಮೋನಿಕ್‌ಅನ್ನು ಕಟ್ಟಿ ನಿಲ್ಲಿಸಿ, 1968ರ ಸೋವಿಯತ್ ಆಕ್ರಮಣದ ನಂತರ ಟೊರಾಂಟೋಗೆ ಹೋದರು. ಹೋದವರನ್ನು ತಪ್ಪು ಎನ್ನಲು ನಾನು ಯಾರು. ಆದರೆ ಜುಜಾನಾ ಅವರ ಗಂಡ ಇಲ್ಲಿ, ಬೆಲ್ಸೆನ್‌ನಿಂದ ಜೊತೆಗೇ ಬಂದ ತಾಯಿ ಇಲ್ಲಿ. ಒಂದೊಂದು ಕಚೇರಿ ಮುಗಿಸಿ ಅವರು ವಿಮಾನ ಹತ್ತಿ ಹಿಂದಿರುಗಿದ್ದು ಅವರಿಬ್ಬರ ಹತ್ತಿರಕ್ಕೆ ಎಂದುಕೊಂಡರೆ ನನಗೆ ಆ ಪ್ರಶ್ನೆಯೇ ಬೇಡವಾಗುತ್ತದೆ.

ಆ ವರ್ಷಗಳಲ್ಲೇ ದೊಡ್ಡ ಕೆಲಸ ನಡೆದದ್ದು. ಎರಾಟೋ ಎಂಬ ಫ್ರೆಂಚ್ ಕಂಪನಿಗಾಗಿ ಬಾಖ್‌ನ ಕೀಬೋರ್ಡ್ ಕೃತಿಗಳೆಲ್ಲ, 1965ರಿಂದ ಸುಮಾರು ಹತ್ತು ವರ್ಷ. ಪಿಟೀಲುವಾದಕ ಯೋಸೆಫ್ ಸುಕ್ ಜೊತೆ ಎಷ್ಟೋ ವರ್ಷ ಜೋಡಿ ಕಚೇರಿ. ಸುಕ್ ಅಂದರೆ ಪ್ರಸಿದ್ಧ ಜೆಕ್ ರಚನೆಕಾರ ದ್ವೊರ್ಝಾಕ್‌ನ ಮರಿಮಗ. ಗಂಡ ಕಲಾಬಿಸ್ ಅವರಿಗೆಂದೇ ಬರೆದ ಹಾರ್ಪ್ಸಿಕಾರ್ಡ್ ಕಾನ್ಚೆರ್ಟೊ 1975ರದು. ಬಾಖ್ ಒಂದನ್ನೇ ಕೇಳುವವರು ಅದನ್ನೂ ಒಮ್ಮೆ ಕೇಳಬೇಕು. ಇಪ್ಪತ್ತನೆಯ ಶತಮಾನದಲ್ಲಿ ಈ ಹಳೆಯ ವಾದ್ಯ ಏನು ಮಾತಾಡಬಲ್ಲದು ಎಂದು ಗೊತ್ತಾಗುತ್ತದೆ.

ಆಮೇಲೆ ಕಾಲ ಬದಲಾಯಿತು. ಅವರು ನುಡಿಸುತ್ತಿದ್ದವು ಬಹುಪಾಲು ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ, ಕಾಲಿನಿಂದ ಒತ್ತಿ ನಾದ ಬದಲಿಸುವ ಭಾರದ ಹಾರ್ಪ್ಸಿಕಾರ್ಡ್‌ಗಳು. ಮುಂದಿನ ತಲೆಮಾರು ಹಳೆಯ ವಾದ್ಯಗಳ ತದ್ರೂಪಗಳನ್ನೇ ಬಯಸಿತು. ಅವರ ಧ್ವನಿಮುದ್ರಣಗಳು ಹಳೆಯ ಶೈಲಿ ಎನಿಸಿಕೊಂಡು ಬದಿಗೆ ಸರಿದವು. 2016ರಲ್ಲಿ, ತೊಂಬತ್ತು ತುಂಬಲು ಕೆಲವೇ ತಿಂಗಳಿದ್ದಾಗ, ಇಡೀ ಬಾಖ್ ಇಪ್ಪತ್ತು ಸೀಡಿಗಳ ಪೆಟ್ಟಿಗೆಯಾಗಿ ಮತ್ತೆ ಬಂತು. 2006ರಲ್ಲೇ ಕಲಾಬಿಸ್ ತೀರಿಕೊಂಡಿದ್ದರು. ಜುಜಾನಾ ಹೋದದ್ದು 2017ರ ಸೆಪ್ಟೆಂಬರ್ 27ರಂದು, ಪ್ರಾಗ್‌ನಲ್ಲಿ. ಇರಾನಿನಲ್ಲಿ ಹುಟ್ಟಿದ ಮಹಾನ್ ಇಸ್ಫಹಾನಿ ಅವರ ಕೊನೆಯ ಶಿಷ್ಯರು. ಇಂದು ಹಾರ್ಪ್ಸಿಕಾರ್ಡ್ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಅವರದೂ ಒಂದು.

ನನಗೆ ಆ ನಾದ ಹಳೆಯದು ಎನಿಸುವುದಿಲ್ಲ. ಗಟ್ಟಿ, ತುಂಬು, ಸ್ವಲ್ಪ ಒರಟು. ಎಲ್ಲೂ ಕರುಣೆ ಬೇಡುವುದಿಲ್ಲ. ಐದನೆಯ ಇಂಗ್ಲಿಷ್ ಸೂಟ್ ಹಾಕಿಕೊಂಡರೆ ಸರಬಾಂಡ್ ಬರುವ ಮೊದಲು ನನ್ನ ಎದೆ ಹೊಡೆದುಕೊಳ್ಳುತ್ತದೆ, ಇವತ್ತಿಗೂ. ಅದು ಕೆಲವೇ ನಿಮಿಷ. ಹಿಂದೆಯೇ ಪಾಸ್‌ಪಿಯೆ ಎಂಬ ಚುರುಕಾದ ಕುಣಿತ ಬಂದುಬಿಡುತ್ತದೆ, ಬಾಖ್ ಅಲ್ಲಿ ನಿಲ್ಲಲು ಬಿಡುವುದಿಲ್ಲ.

ಅದನ್ನು ಕೇಳುವಾಗೆಲ್ಲ ನನಗೆ ನೆನಪಾಗುವುದು ಆ ತಾಯಿ, ಲೆಯೊಪೊಲ್ಡೀನಾ. ಕಾಗದದ ಹಿಂದೆ ಓಡಿದವರು. ಗಂಡ ಇಲ್ಲ, ಅಂಗಡಿ ಇಲ್ಲ. ಮಗಳು ಬೆಳಗಿನಿಂದ ರಾತ್ರಿಯವರೆಗೆ ಮಕ್ಕಳ ಪಾಠ ತಪ್ಪು ತಪ್ಪಾಗಿ ನುಡಿಸುತ್ತಿದ್ದಾಳೆ. ಆ ಹನ್ನೆರಡು ಗಂಟೆ ಅವರು ಏನು ಮಾಡುತ್ತಿದ್ದರೋ. ನಮ್ಮಮ್ಮ ಅಡಿಗೆಮನೆಯಲ್ಲಿ ಅವರೆಕಾಳು ಸುಲಿಯುತ್ತಾ ಕೂತಿರುತ್ತಿದ್ದರು. ನಾನು ಜಂಟಿ ವರಸೆಯಲ್ಲಿ ಒಂದು ಕಡೆ ಯಾವಾಗಲೂ ಎಡವುತ್ತಿದ್ದೆ. ಅಲ್ಲಿಗೆ ಬಂದಾಗ ಬುಟ್ಟಿಗೆ ಬೀಳುವ ಕಾಳಿನ ಸದ್ದು ನಿಲ್ಲುತ್ತಿತ್ತು. ನಾನು ದಾಟಿದರೆ ಮತ್ತೆ ಶುರುವಾಗುತ್ತಿತ್ತು. ಎಡವಿದರೆ, ಮೊದಲಿಂದ ಹಿಡಿದು ನಾನು ಅಲ್ಲಿಗೆ ಮತ್ತೆ ಬರುವವರೆಗೆ, ಅಮ್ಮ ಕೈಯಲ್ಲಿ ಕಾಯಿ ಹಿಡಿದು ಹಾಗೇ ಕಾಯುತ್ತಿದ್ದರು.